ತಾತನ ಟ್ರಂಕಿನ ಹನ್ನೊಂದು ಸುರುಳಿ: ಬಿಚ್ಚುವ ಮೊದಲು ತೂಗಿ

ಪ್ರಶ್ನೆ: ನಮ್ಮೂರು ಚಿತ್ತಾಪುರ. ತಾತ ಅಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಹಳೆ ಮನೆ ಕೆಡವುವಾಗ ಅವರ ತಗಡಿನ ಟ್ರಂಕಿನಲ್ಲಿ ಕಾಗದ ಸುತ್ತಿದ 11 ನಾಣ್ಯದ ಸುರುಳಿಗಳು ಸಿಕ್ಕವು. ಒಂದಕ್ಕೆ ಉರ್ದು ಪೇಪರ್ ಸುತ್ತಿದೆ, ಎರಡೂ ತುದಿಯಲ್ಲಿ ಚಾರ್ಮಿನಾರ್ ರೂಪಾಯಿ ಕಾಣುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅದು 231 ಗ್ರಾಂ ಬಂತು. ಕಂದು ಕಾಗದದ ಇನ್ನೊಂದು 302 ಗ್ರಾಂ. ಒಂದರ ಮೇಲೆ ಬ್ಯಾಂಕಿನ ಸೀಲು ಇದೆ. ಒಂದಕ್ಕೆ ಪೂರ್ತಿ ಅರಿಶಿನ ಮೆತ್ತಿದೆ. ಎರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ಒಂದು ಅಮೆರಿಕದ್ದು, ಅಲ್ಲಿರುವ ಚಿಕ್ಕಪ್ಪ ತಂದಿದ್ದಂತೆ, ಅದು 157 ಗ್ರಾಂ. ಉಳಿದವು ಪೈಸೆಗಳು. ಬಿಚ್ಚಿ ನೋಡಬೇಕಾ, ಹಾಗೇ ಮಾರಬೇಕಾ? ಬಿಚ್ಚಿದರೆ ಬೆಲೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಫೋನಿನಲ್ಲಿ ಇನ್ನೊಬ್ಬ "2 ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಫೀ ಕಟ್ಟಿ" ಅಂತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಫೋನಿನವನ ನಂಬರ್ ಬ್ಲಾಕ್ ಮಾಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾಣ್ಯ ನೋಡದೆ 2 ಲಕ್ಷ ಅನ್ನುವವನಿಗೆ ನಿಮ್ಮ ನಾಣ್ಯ ಬೇಕಾಗಿಲ್ಲ, ನಿಮ್ಮ ಫೀ ಬೇಕು. ಈ ಆಟ ಎಷ್ಟು ಹಬ್ಬಿತ್ತು ಅಂದರೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು. ಹಳೆ ನೋಟು, ನಾಣ್ಯಗಳ ವ್ಯವಹಾರದಲ್ಲಿ ನಾವಿಲ್ಲ, ನಮ್ಮ ಹೆಸರಿನಲ್ಲಿ ಯಾರೂ ಫೀ, ಕಮಿಷನ್ ಕೇಳುವ ಹಾಗಿಲ್ಲ ಅಂತ. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಅನ್ನುವ ವಾಟ್ಸಾಪ್ ಸುದ್ದಿಯೂ ಇದೇ ಜಾತಿಯದು. ಆ ನಾಣ್ಯ ಈಗಲೂ ಚಿಲ್ಲರೆಯಲ್ಲಿ ಕೈಗೆ ಬರುತ್ತದೆ.

ಇನ್ನು ನಿಮ್ಮ ಸುರುಳಿಗಳು. ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ಬಿಚ್ಚುವ ಮೊದಲು ತೂಗಿದ್ದೀರಿ. ನಾನು ಅದನ್ನು ಕಲಿಯಲು ದುಡ್ಡು ಕಳೆದುಕೊಳ್ಳಬೇಕಾಯಿತು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಕಲಬುರಗಿಯಲ್ಲಿ ಜಾತ್ರೆಯ ಹೊತ್ತಿಗೆ ರಸ್ತೆ ಬದಿ ಹಾಸು ಹಾಸಿ ಹಳೆ ಸಾಮಾನು ಮಾರುತ್ತಿದ್ದ ಒಬ್ಬನ ಹತ್ತಿರ ಒಂದು ಸುರುಳಿ ಸಿಕ್ಕಿತು. ಹಳದಿಗಟ್ಟಿದ ಪೇಪರು, ಎರಡೂ ತುದಿಯಲ್ಲಿ ಚಾರ್ಮಿನಾರ್. "ಬಿಚ್ಚಬೇಡಿ ಸಾಹೇಬರೇ, ಬಿಚ್ಚಿದರೆ ಕಿಮ್ಮತ್ತು ಹೋಗ್ತದ" ಅಂದ. ನಂಬಿದೆ. ಮನೆಗೆ ಬಂದು ಎರಡು ದಿನ ತಡೆದುಕೊಂಡೆ, ಮೂರನೇ ದಿನ ಬಿಚ್ಚಿದೆ. ಎರಡು ಬೆಳ್ಳಿ ರೂಪಾಯಿ, ನಡುವೆ ಹದಿನೆಂಟು ಕಬ್ಬಿಣದ ವಾಷರ್! ಆ ವಾಷರ್‌ಗಳು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಅದನ್ನು ಕೊಳ್ಳುವಾಗ ಕೈಯಲ್ಲಿ ಹಿಡಿದು "ಭಾರ ಇದೆ" ಅಂದುಕೊಂಡಿದ್ದೆ. ಕೈಗೆ ಗ್ರಾಂ ಗೊತ್ತಾಗುವುದಿಲ್ಲ.

ಹಾಗಾಗಿ "ಬಿಚ್ಚಿದರೆ ಬೆಲೆ ಹೋಗುತ್ತದೆ" ಅನ್ನುವ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಆ ಮಾತು ಬಂದಿದ್ದು ಅಮೆರಿಕದಿಂದ. ಅಲ್ಲಿ ಬ್ಯಾಂಕಿನ ಹೆಸರು ಹಾಕಿದ ಕಾಗದದಲ್ಲಿ ಯಂತ್ರವೇ ನಾಣ್ಯ ಎಣಿಸಿ, ಸುತ್ತಿ, ತುದಿ ಮಡಿಚುತ್ತಿತ್ತು. ಸೆಂಟ್ ಆದರೆ 50, ನಿಕ್ಕಲ್ ಅನ್ನುವ 5 ಸೆಂಟ್ ನಾಣ್ಯ ಆದರೆ 40, ಹೀಗೆ ಲೆಕ್ಕವೂ ಗೊತ್ತು. ಅಂಥ ಸುರುಳಿಗೆ ಕಾಗದವೇ ಒಂದು ಸಾಕ್ಷಿ. ನಮ್ಮಲ್ಲಿ ಹಾಗಿರಲಿಲ್ಲ. ಟಂಕಸಾಲೆಯಿಂದ ನಾಣ್ಯ ಚೀಲದಲ್ಲಿ ಬರುತ್ತಿತ್ತು. ಈಗಲೂ ಬ್ಯಾಂಕುಗಳು ಜನರಿಂದ ಚಿಲ್ಲರೆ ತೆಗೆದುಕೊಳ್ಳುವಾಗ ನೂರು ನೂರರ ಪಾಲಿಥೀನ್ ಚೀಲವಾದರೆ ಅನುಕೂಲ ಅನ್ನುತ್ತದೆ ರಿಸರ್ವ್ ಬ್ಯಾಂಕು. ಕಾಗದದ ಸುರುಳಿ ಅಂದರೆ ಅದು ವ್ಯಾಪಾರಿಯ ಕೈಕೆಲಸ. ನಿಮ್ಮ ತಾತ, ಕಂಡಕ್ಟರು, ಗುಡಿಯ ಹುಂಡಿ ಎಣಿಸುವವರು, ಗಂಜ್‌ನ ಅಡತಿ ಅಂಗಡಿಯ ಗುಮಾಸ್ತ, ಇವರು ಸುತ್ತಿದ್ದು. ಸುತ್ತಿದವನನ್ನು ನೀವು ನಂಬುತ್ತೀರಿ, ಸರಿ. ಕೊಳ್ಳುವವನು ಯಾಕೆ ನಂಬಬೇಕು? ನೀವು ಮುಚ್ಚಿದ ಸುರುಳಿ ಹಿಡಿದು ಹೋದರೆ ಅವನು ಒಳಗೆ ವಾಷರ್ ಇದೆ ಅಂದುಕೊಂಡೇ ಬೆಲೆ ಕಟ್ಟುತ್ತಾನೆ.

ಅಂದರೆ ಬಿಚ್ಚಬೇಕು. ಆದರೆ ಕ್ರಮವಾಗಿ. ತಕ್ಕಡಿ, ಆಮೇಲೆ ಅಯಸ್ಕಾಂತ, ಕಣ್ಣು ಕೊನೆಗೆ.

ನಿಮ್ಮ 302 ಗ್ರಾಮಿನ ಸುರುಳಿಯನ್ನೇ ನೋಡಿ. ಕಾಗದಕ್ಕೆ 2 ಗ್ರಾಂ ಬಿಟ್ಟರೆ 300 ಉಳಿಯಿತು. ನಮ್ಮ ಒಂದು ರೂಪಾಯಿ ನಾಣ್ಯದ ತೂಕ ಕಾಲಕಾಲಕ್ಕೆ ಇಳಿಯುತ್ತಾ ಬಂದಿದೆ. 1962ರ ನಿಕ್ಕಲ್ ರೂಪಾಯಿ 10 ಗ್ರಾಂ. 1975ರಿಂದ ಬಂದ ತಾಮ್ರ-ನಿಕ್ಕಲ್ ರೂಪಾಯಿ 8 ಗ್ರಾಂ. 1983ರಿಂದ 6 ಗ್ರಾಂ. 1992ರಿಂದ ಸ್ಟೀಲಿನದು, 4.85 ಗ್ರಾಂ. ಐವತ್ತು ನಾಣ್ಯದ ಸುರುಳಿ ಅಂದುಕೊಂಡರೆ ಕ್ರಮವಾಗಿ 500, 400, 300, 242 ಗ್ರಾಂ ಆಗಬೇಕು. ನಿಮ್ಮದು 300ಕ್ಕೆ ಸರಿಯಾಗಿ ಕೂತಿದೆ. 1983ರಿಂದ 91ರ ನಡುವಿನ ರೂಪಾಯಿ ಇರಬಹುದು. ಕಾಗದ ಬಿಚ್ಚದೆಯೇ ಇಸವಿ ಅಂದಾಜಾಯಿತು ಅಲ್ವಾ? ಆದರೆ ಒಂದು ತೊಡಕಿದೆ. 1992ರಿಂದ ಬಂದ 2 ರೂಪಾಯಿ ನಾಣ್ಯವೂ 6 ಗ್ರಾಮೇ, ಅಗಲವೂ ಹೆಚ್ಚುಕಡಿಮೆ ಅಷ್ಟೇ, 26 ಮಿಲಿಮೀಟರ್. ಅದನ್ನು ಗುರುತಿಸೋದು ಬೆರಳಿನಿಂದ. 2 ರೂಪಾಯಿಗೆ ಹನ್ನೊಂದು ಮೂಲೆ. ಸುರುಳಿಯ ಪಕ್ಕವನ್ನು ಹೆಬ್ಬೆರಳಿನಲ್ಲಿ ಸವರಿ. ಬಳಪದ ಹಾಗೆ ನುಣ್ಣಗೆ ಸುತ್ತಿದರೆ ರೂಪಾಯಿ, ಗಂಟು ಗಂಟಾಗಿ ತಡೆದರೆ 2 ರೂಪಾಯಿ.

ಎರಡರಲ್ಲಿ ಯಾವುದಾದರೂ ಬಳಸಿ ಸವೆದಿದ್ದರೆ ಮುಖಬೆಲೆಗಿಂತ ತುಂಬಾ ಮೇಲೇನೂ ಹೋಗುವುದಿಲ್ಲ. ಬಳಸದೇ ಸುತ್ತಿಟ್ಟಿದ್ದಾದರೆ ಮಾತು ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಚಾರ್ಮಿನಾರ್ ಸುರುಳಿಗೆ ಬನ್ನಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ನಿಜಾಮರ ಬೆಳ್ಳಿ ರೂಪಾಯಿ, ಹಿರಿಯರು ಹಾಲಿ ಸಿಕ್ಕಾ ಅನ್ನುತ್ತಿದ್ದದ್ದು, 11.178 ಗ್ರಾಂ. ಬ್ರಿಟಿಷರ ರೂಪಾಯಿಗೆ ನಮ್ಮ ಕಡೆ ಕಲ್ದಾರ್ ಅನ್ನುತ್ತಿದ್ದರು, ಕಲ್ ಅಂದರೆ ಯಂತ್ರ. ಅದು 11.66 ಗ್ರಾಂ, ಸರಿಯಾಗಿ ಒಂದು ತೊಲ. ಹಾಗಾಗಿಯೇ ಅಂಗಡಿಗಳಲ್ಲಿ ಅದನ್ನು ತೂಕದ ಕಲ್ಲಿನ ಬದಲು ಇಡುತ್ತಿದ್ದರು. ಇಪ್ಪತ್ತು ಹಾಲಿ ರೂಪಾಯಿ ಆದರೆ 223.6 ಗ್ರಾಂ. ಇಪ್ಪತ್ತು ಕಲ್ದಾರ್ ಆದರೆ 233.2. ನಿಮ್ಮ 231ರಲ್ಲಿ ಪೇಪರಿನ ಎರಡು ಮೂರು ಗ್ರಾಂ ಕಳೆಯಿರಿ, 228 ಚಿಲ್ಲರೆ ಉಳಿಯುತ್ತದೆ. ಎರಡಕ್ಕೂ ಹೊಂದುವುದಿಲ್ಲ. ಇಪ್ಪತ್ತೊಂದು ಹಾಲಿ ಅನ್ನೋಣ ಅಂದರೆ 234 ದಾಟುತ್ತದೆ.

ಲೆಕ್ಕ ಹೇಳುವುದು ಏನು ಅಂದರೆ, ತುದಿಯಲ್ಲಿ ಚಾರ್ಮಿನಾರ್ ಇದೆ, ಒಳಗೆ ಬೇರೇನೋ ಸೇರಿದೆ. ಹತ್ತರ ಸುಮಾರು ಹಾಲಿ, ಹತ್ತರ ಸುಮಾರು ಕಲ್ದಾರ್ ಇದ್ದರೆ ತೂಕ ಸರಿಹೋಗುತ್ತದೆ. ಕಲ್ದಾರ್ ಸವೆದಿದ್ದರೆ ಅವುಗಳ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು. ಮೋಸ ಅಂತ ನಾನು ಹೇಳುತ್ತಿಲ್ಲ. ನನ್ನ ಊಹೆ ಬೇರೆ. ಹಾಲಿ ಸಿಕ್ಕಾ ಚಲಾವಣೆಯಲ್ಲಿದ್ದಾಗ 7 ಹಾಲಿ ರೂಪಾಯಿಗೆ 6 ಕಲ್ದಾರ್ ಲೆಕ್ಕ. ಅಂಗಡಿ ಇಟ್ಟವರು ಯಾರೂ ಎರಡನ್ನೂ ಒಂದೇ ಸುರುಳಿಯಲ್ಲಿ ಸುತ್ತುತ್ತಿರಲಿಲ್ಲ. ಎಣಿಸುವಾಗ ನಷ್ಟ. 1959ರ ಹೊತ್ತಿಗೆ ಹಾಲಿ ರೂಪಾಯಿಯ ಚಲಾವಣೆ ಮುಗಿಯಿತು. ಆಮೇಲೆ ಎರಡೂ ಬರೀ ಬೆಳ್ಳಿ. ಆಗ ತಾತ ಉಳಿದ ರೂಪಾಯಿಗಳನ್ನೆಲ್ಲ ಒಟ್ಟಿಗೆ ಸುತ್ತಿರಬೇಕು. ಉರ್ದು ಪೇಪರಿನಲ್ಲಿ ತಾರೀಖು ಕಾಣುತ್ತದಾ ನೋಡಿ. ಪೇಪರಿನ ತಾರೀಖು ಒಂದನ್ನು ಖಂಡಿತ ಹೇಳುತ್ತದೆ: ಅದಕ್ಕಿಂತ ಮೊದಲು ಸುತ್ತಿದ್ದಲ್ಲ. ಅಷ್ಟೇ. ನಾಣ್ಯ ಎಷ್ಟು ಹಳೆಯದು ಅಂತ ಅದು ಹೇಳುವುದಿಲ್ಲ.

ಒಳಗೆ ಕಲ್ದಾರ್ ಇದ್ದರೆ ಯಾವ ಕಲ್ದಾರ್ ಅನ್ನುವುದು ಮುಖ್ಯ. ಇಲ್ಲಿ ತಕ್ಕಡಿ ಕೈಕೊಡುತ್ತದೆ. ಐದನೇ ಜಾರ್ಜ್ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ 45ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. ಯುದ್ಧದ ಕಾಲದಲ್ಲಿ ಇಳಿಸಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಆದರೆ ಮೂರೂ ತೂಗುವುದು ಅದೇ 11.66. ಇಲ್ಲಿ ಅಯಸ್ಕಾಂತ ತನ್ನಿ. ಹಳೆ ಸ್ಪೀಕರಿನದಾದರೂ ಆದೀತು. ಸುರುಳಿಯ ಪಕ್ಕಕ್ಕೆ ಹಿಡಿದು ಉದ್ದಕ್ಕೂ ನಿಧಾನವಾಗಿ ಎಳೆಯಿರಿ. ಎಲ್ಲಾದರೂ ಕಚ್ಚಿ ಎಳೆದರೆ ಅಲ್ಲಿ ನಿಕ್ಕಲ್ ಇದೆ, ಇಲ್ಲವೇ ನನ್ನ ಹಾಗೆ ವಾಷರ್. ಬೆಳ್ಳಿಯನ್ನು ಅಯಸ್ಕಾಂತ ಮುಟ್ಟುವುದೇ ಇಲ್ಲ. ಅರ್ಧ ಬೆಳ್ಳಿಯದನ್ನು ಬಿಚ್ಚಿದ ಮೇಲೆ ಅಂಚು ನೋಡಿ ಹಿಡಿಯಬಹುದು. ಗೀರು ಅಂಚಿನ ನಡುವೆ ಸುತ್ತಲೂ ಒಂದು ತೋಡು ಹರಿದಿರುತ್ತದೆ. ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ.

ಬೆಳ್ಳಿಯ ಬೆಲೆಯನ್ನು ನೀವೇ ಲೆಕ್ಕ ಹಾಕಿ. ಸುಲಭಕ್ಕೆ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ, ಅವತ್ತಿನ ದರ ಆಮೇಲೆ ಹಾಕಿಕೊಳ್ಳಿ. 1330ರಿಂದ 1343ರ ನಡುವಿನ ಹಿಜರಿ ಇಸವಿಯ (ಮುಸ್ಲಿಂ ಪಂಚಾಂಗದ ಲೆಕ್ಕ) ಹಾಲಿ ರೂಪಾಯಿಯಲ್ಲಿ ನೂರಕ್ಕೆ 81.8 ಬೆಳ್ಳಿ, ಅಂದರೆ 9.14 ಗ್ರಾಂ, 914 ರೂಪಾಯಿ. ಐದನೇ ಜಾರ್ಜ್‌ದು 10.69 ಗ್ರಾಂ, 1069 ರೂಪಾಯಿ. ಅರ್ಧ ಬೆಳ್ಳಿಯದು 583. ಇದು ನೆಲ. ಇದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ. ಸರಾಫ್ ಬಜಾರಿನಲ್ಲಿ ಈಗ ಶುದ್ಧತೆ ತೋರಿಸುವ ಯಂತ್ರ ಇಟ್ಟ ಅಂಗಡಿಗಳಿವೆ. ಗೀರದೆ, ಕಾಯಿಸದೆ ಹೇಳುತ್ತಾರೆ. ಉಜ್ಜುವ ಕಲ್ಲಿಗೆ ತಿಕ್ಕಿ ನೋಡ್ತೀನಿ ಅಂದರೆ ಮಾತ್ರ ಕೊಡಬೇಡಿ. ಆ ಒಂದು ಗೀರು ನಾಣ್ಯವನ್ನು ಬರೀ ಬೆಳ್ಳಿ ಮಾಡಿಬಿಡುತ್ತದೆ.

ಬೆಳ್ಳಿಗಿಂತ ಮೇಲಿನ ಬೆಲೆ ಎಲ್ಲಿಂದ ಬರುತ್ತದೆ? ಇಸವಿಯಿಂದ ಮತ್ತು ಸ್ಥಿತಿಯಿಂದ. ಚಾರ್ಮಿನಾರಿನ ಬಾಗಿಲಿನೊಳಗೆ ಒಂದು ಉರ್ದು ಅಕ್ಷರ ಇದೆ, ಭೂತಗನ್ನಡಿ ಹಿಡಿದು ನೋಡಿ. ಮೀಮ್ ಇದ್ದರೆ ಮಹಬೂಬ್ ಅಲಿ ಖಾನ್ ಕಾಲದ್ದು, 1911ರ ಹಿಂದಿನದು. ಐನ್ ಇದ್ದರೆ ಉಸ್ಮಾನ್ ಅಲಿ ಖಾನ್ ಕಾಲದ್ದು. ಮೀಮ್ ಅಂದರೆ ಸಣ್ಣ ಗುಂಡು ತಲೆ, ಕೆಳಗೆ ಬಾಲ. ಐನ್ ಅಂದರೆ ಬಾಯಿ ತೆರೆದ ಕೊಕ್ಕಿನ ಹಾಗೆ. ಉಸ್ಮಾನ್ ಅಲಿಯ ಮೊದಮೊದಲ ನಾಣ್ಯದಲ್ಲಿ, ಹಿಜರಿ 1329 ಮತ್ತು 1330ರಲ್ಲಿ, ಈ ಐನ್ ಮೊಟಕಾಗಿರುತ್ತದೆ. ಅಂಥದ್ದು ಸಿಕ್ಕರೆ ಬೇರೆ ತೆಗೆದಿಡಿ. ಇಸವಿ ಓದಲು ಹೆದರಬೇಡಿ. ಸೊನ್ನೆ ಅಂದರೆ ಬರೀ ಚುಕ್ಕಿ. ಏಳು ಬಾಯಿ ಮೇಲಕ್ಕೆ ತೆರೆದ ಇಕ್ಕಳ, ಎಂಟು ಅದನ್ನೇ ಬೋರಲು ಹಾಕಿದ್ದು. ಉಳಿದದ್ದನ್ನು ಊರಿನಲ್ಲಿ ಉರ್ದು ಬಲ್ಲ ಯಾರನ್ನಾದರೂ ಕೇಳಿ, ಒಂದು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಸುಮಾರಾಗಿ ಸಿಗುತ್ತದೆ. 1343 ಅಂದರೆ 1924-25.

ಕಲ್ದಾರ್‌ಗಳಲ್ಲಿ 1911ರ ಐದನೇ ಜಾರ್ಜ್ ಇದ್ದರೆ ರಾಜನ ನಿಲುವಂಗಿಯ ಮೇಲಿನ ಆನೆ ನೋಡಿ. ಸೊಂಡಿಲು ಮೊಟಕಾಗಿ ಹಂದಿಯ ಹಾಗೆ ಕಂಡಿತು ಅಂತ ಗಲಾಟೆಯಾಗಿ ಅದನ್ನು ವಾಪಸ್ ತೆಗೆದುಕೊಂಡರು. ಸಂಗ್ರಹಕಾರರು ಇವತ್ತಿಗೂ ಹಂದಿ ರೂಪಾಯಿ ಅಂತಲೇ ಕರೆಯುತ್ತಾರೆ. 1939ರ ರೂಪಾಯಿ ಸಿಕ್ಕರೆ ಮಾತ್ರ ಅವತ್ತು ಯಾರಿಗೂ ಹೇಳದೆ ನಿದ್ದೆ ಮಾಡಿ, ಮರುದಿನ ನನಗೆ ಬರೆಯಿರಿ. ಅದು ಅಷ್ಟು ಅಪರೂಪ. ಅಪರೂಪ ಆದ್ದರಿಂದಲೇ ನಕಲಿಯೂ ಇರುತ್ತದೆ.

ಬಿಚ್ಚುವ ಕ್ರಮ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ನಾಣ್ಯ ನೆಲಕ್ಕೆ ಬಿದ್ದರೆ ಅಂಚು ಜಜ್ಜುತ್ತದೆ, ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲ ಬೇರೆ. ಎರಡೂ ತುದಿಯ ಫೋಟೋ, ತಕ್ಕಡಿಯ ಮೇಲಿಟ್ಟ ಫೋಟೋ ತೆಗೆಯಿರಿ. ಮಗಳಿಗೋ ತಮ್ಮನಿಗೋ ಮೊಬೈಲ್ ಕೊಟ್ಟು ಬಿಚ್ಚುವುದನ್ನು ಪೂರ್ತಿ ವಿಡಿಯೋ ಮಾಡಿಸಿ. ನಾಳೆ ಕೊಳ್ಳುವವನಿಗೆ ಇದೇ ಸಾಕ್ಷಿ. ಬ್ಲೇಡ್ ಬೇಡ. ತುದಿಯ ಮಡಿಕೆಯನ್ನು ಉಗುರಿನಿಂದ ಎಬ್ಬಿಸಿ, ಕಾಗದವನ್ನು ಸುತ್ತಿದ ದಿಕ್ಕಿನ ಉಲ್ಟಾ ಬಿಡಿಸುತ್ತಾ ಹೋಗಿ. ನಾಣ್ಯ ಬಂದ ಕ್ರಮದಲ್ಲೇ ಸಾಲಾಗಿ ಇಡಿ, ಅಂಚು ಮಾತ್ರ ಹಿಡಿಯಿರಿ. ಕಾಗದ ಎಸೆಯಬೇಡಿ. ಬ್ಯಾಂಕಿನ ಸೀಲಿನದನ್ನಂತೂ ಹರಿಯದೆ ಇಡಿ. ಆ ಸೀಲಿನಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಅಂತ ಇದ್ದರೆ ಅದು 1956ರ ಹಿಂದಿನದು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಅಂತ ಇದ್ದರೆ ಆಮೇಲಿನದು, ಹೆಸರು ಬದಲಾದದ್ದು ಆ ವರ್ಷವೇ. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕೇ ಇಲ್ಲದ ಮೇಲೆ ಅದರ ಕಾಗದಕ್ಕೆ ಬೇಡಿಕೆ ಇರುತ್ತದೆ. ನಮ್ಮ ಸುರುಳಿಗಳಲ್ಲಿ ಕಾಗದಕ್ಕೆ ನಾನು ಬೆಲೆ ಕೊಡುವುದು ಇಂಥ ಕಡೆ ಮಾತ್ರ.

ಬಿಚ್ಚಿದಾಗ ತುದಿಯ ನಾಣ್ಯಗಳು ಕಪ್ಪಗೆ, ಒಳಗಿನವು ಬೆಳ್ಳಗೆ ಇರುತ್ತವೆ. ಗಾಬರಿ ಬೇಡ. ಗಾಳಿಯಲ್ಲಿನ, ಕಾಗದದಲ್ಲಿನ ಗಂಧಕ ಬೆಳ್ಳಿಗೆ ಹಿಡಿದಿರುತ್ತದೆ. ಬೀದರಿನ ಬಿದ್ರಿ ನೋಡಿದ್ದೀರಲ್ಲ? ಅಲ್ಲಿ ಸತುವಿನ ಪಾತ್ರೆಯನ್ನು ಕೋಟೆಯ ಮಣ್ಣು, ನವಸಾಗರ ಹಾಕಿ ಬೇಕಂತಲೇ ಕಪ್ಪು ಮಾಡುತ್ತಾರೆ, ಬೆಳ್ಳಿ ಎಳೆ ಮಾತ್ರ ಬಿಳಿಯಾಗಿ ಉಳಿಯುತ್ತದೆ. ನಾಣ್ಯದಲ್ಲಿ ಬೆಳ್ಳಿಯೇ ಕಪ್ಪಾಗುತ್ತದೆ, ತನ್ನಷ್ಟಕ್ಕೆ, ವರ್ಷಗಟ್ಟಲೆ. ಬಿದ್ರಿಯ ಕಪ್ಪನ್ನು ಯಾರಾದರೂ ತಿಕ್ಕಿ ತೆಗೆಯುತ್ತಾರಾ? ನಾಣ್ಯದ ಕಪ್ಪನ್ನೂ ತಿಕ್ಕಬಾರದು. ಅದರ ಕೆಳಗೆ ಟಂಕಸಾಲೆಯ ಮೂಲ ಹೊಳಪು ಇರುತ್ತದೆ. ತಿಕ್ಕಿದರೆ ಎರಡೂ ಹೋಗುತ್ತವೆ.

ನನ್ನ ಹತ್ತಿರ ಮೀಮ್ ಇರುವ ಒಂದು ರೂಪಾಯಿ ಇತ್ತು, ಚೆನ್ನಾಗಿ ಕಪ್ಪಾಗಿತ್ತು. ದೀಪಾವಳಿ ಹಿಂದಿನ ದಿನ ಅವ್ವ ದೇವರ ಸಾಮಾನು ತಿಕ್ಕುವಾಗ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, "ನೋಡಪ್ಪಾ, ಹೊಸದರಂಗ ಆತು" ಅಂತ ಪೂಜೆ ತಟ್ಟೆಯಲ್ಲಿಟ್ಟಳು. ಹೊಸದರ ಹಾಗೇ ಆಗಿತ್ತು. ಮಿನಾರಿನ ತುದಿಗಳು ಮಾತ್ರ ಹೋಗಿದ್ದವು. ಅವ್ವನಿಗೆ ಏನೂ ಹೇಳಲಿಲ್ಲ. ಆ ನಾಣ್ಯ ಈಗಲೂ ದೇವರ ಮನೆಯಲ್ಲೇ ಇದೆ.

ಸ್ಥಿತಿ ಅಳೆಯುವುದು ಹೀಗೆ. ನಾಣ್ಯದಲ್ಲಿ ಎಲ್ಲಕ್ಕಿಂತ ಎತ್ತರವಾದ ಜಾಗ ಮೊದಲು ಸವೆಯುತ್ತದೆ. ಚಾರ್ಮಿನಾರ್ ಆದರೆ ಮಿನಾರಿನ ತುದಿ ಮತ್ತು ಕಮಾನಿನ ಅಂಚು. ಜಾರ್ಜ್ ಆದರೆ ಕಿವಿ, ಕಿರೀಟದ ಮೇಲ್ಭಾಗ. ನಮ್ಮ ಸಿಂಹಗಳಾದರೆ ನಡುವಿನ ಸಿಂಹದ ಎದೆಯ ಕೂದಲು. ಒಂದು ಬಲ್ಬಿನ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕಿನ ಎರಡು ಪಟ್ಟಿಗಳು ಗಾಲಿಯ ಕಡ್ಡಿಗಳ ಹಾಗೆ ಮೇಲ್ಮೈ ಮೇಲೆ ತಿರುಗಿದರೆ, ಎತ್ತರದ ಜಾಗದಲ್ಲೂ ಆ ಬೆಳಕು ಒಡೆಯದಿದ್ದರೆ, ಅದು ಬಳಸದ ನಾಣ್ಯ. ಸಂಗ್ರಹಕಾರರು ಯುಎನ್‌ಸಿ ಅನ್ನುವುದು ಇದಕ್ಕೇ. ಪಾಲಿಷ್ ಮಾಡಿದ ನಾಣ್ಯವೂ ಹೊಳೆಯುತ್ತದೆ, ಆದರೆ ಬೆಳಕು ತಿರುಗುವುದಿಲ್ಲ, ಕನ್ನಡಿಯ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಈ ವ್ಯತ್ಯಾಸ ಓದಿದರೆ ತಿಳಿಯದು. ಹೊಸ 10 ರೂಪಾಯಿ ನಾಣ್ಯ ಒಂದು ಹಿಡಿದು ಅಭ್ಯಾಸ ಮಾಡಿ. ಹೊಸ ನಾಣ್ಯದಲ್ಲೂ ಸಣ್ಣ ಗೀರು ಇರುತ್ತವೆ, ಚೀಲದಲ್ಲಿ ಒಂದಕ್ಕೊಂದು ತಾಗಿ ಆದದ್ದು. ಅದು ಸವೆತ ಅಲ್ಲ.

ಸುರುಳಿಯಲ್ಲಿ ಐವತ್ತೂ ಹೀಗೆ ಹೊಸದಾಗಿದ್ದು, ಒಂದೇ ಇಸವಿ, ಒಂದೇ ಟಂಕಸಾಲೆಯದಾದರೆ ಬಿಡಿಬಿಡಿಯಾಗಿ ಮಾರಬೇಡಿ. ಅದು ಬ್ಯಾಂಕಿನಿಂದ ಬಂದ ಚೀಲದಿಂದಲೇ ನೇರ ಸುತ್ತಿದ್ದು. ಟಂಕಸಾಲೆಯನ್ನು ಇಸವಿಯ ಹತ್ತಿರದ ಗುರುತಿನಿಂದ ತಿಳಿಯಬಹುದು. ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಮ್ಮ ಕಡೆಯ ಸುರುಳಿಗಳಲ್ಲಿ ನನಗೆ ನಕ್ಷತ್ರವೇ ಜಾಸ್ತಿ ಸಿಕ್ಕಿದೆ. ಟಂಕಸಾಲೆ ಹತ್ತಿರ ಇತ್ತಲ್ಲ. 1903ರಿಂದ ಸೈಫಾಬಾದಿನಲ್ಲಿತ್ತು, 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು.

ಪ್ಲಾಸ್ಟಿಕ್, ರಬ್ಬರ್ ಬ್ಯಾಂಡಿನ ಎರಡನ್ನು ಇವತ್ತೇ ಬಿಚ್ಚಿ. ಉಳಿದದ್ದಕ್ಕೆ ತಡೆದರೂ ನಡೆಯುತ್ತದೆ, ಇದಕ್ಕೆ ಆಗುವುದಿಲ್ಲ. ನಮ್ಮ ಮೇ ತಿಂಗಳು ನಿಮಗೆ ಗೊತ್ತೇ ಇದೆ, 42 ಡಿಗ್ರಿ ದಾಟುತ್ತದೆ. ತಗಡಿನ ಟ್ರಂಕು ಒಲೆ ಆಗಿರುತ್ತದೆ. ರಬ್ಬರ್ ಕರಗಿ ನಾಣ್ಯಕ್ಕೆ ಅಂಟುತ್ತದೆ. ಅದರೊಳಗಿನ ಗಂಧಕ ಅಡ್ಡಕ್ಕೆ ಒಂದು ಕಪ್ಪು ಪಟ್ಟೆ ಬರೆಯುತ್ತದೆ, ಅದು ಹೋಗುವುದೇ ಇಲ್ಲ. ಹಳೆ ಪಿವಿಸಿ ಚೀಲ ಹಸಿರು ಜಿಡ್ಡು ಬಿಡುತ್ತದೆ. ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಐದು ನಿಮಿಷ ಅದ್ದಿ ಹಾಗೇ ಒಣಗಲು ಬಿಡಿ. ಒರೆಸಬೇಡಿ. ಒಲೆ, ದೀಪ ದೂರ ಇರಲಿ, ಅದು ಬೆಂಕಿ ಹಿಡಿಯುವ ದ್ರವ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ.

ಪೈಸೆಗಳ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಬ್ಯಾಂಕಿಗೆ ಒಯ್ದು ಪ್ರಯೋಜನವಿಲ್ಲ. 50 ಪೈಸೆ ಈಗಲೂ ಕಾನೂನಿನ ಪ್ರಕಾರ ನಡೆಯುತ್ತದೆ, ಕಿರಾಣಿಯವರು ತೆಗೆದುಕೊಳ್ಳದಿದ್ದರೂ. ಅಲ್ಯೂಮಿನಿಯಂ ಪೈಸೆಗಳ ಸುರುಳಿ ಕೈಗೆ ಹಗುರ, ಖಾಲಿ ಕಾಗದದ ಹಾಗೆ. 1957ರಿಂದ 1962ರವರೆಗಿನ ಕಂಚಿನ ನಯಾ ಪೈಸೆ ಕೆಂಪು ಹೊಳಪಿನೊಂದಿಗೇ ಉಳಿದಿದ್ದರೆ ನನಗೆ ಅದು ಬೆಳ್ಳಿಗಿಂತ ಇಷ್ಟ. ಐವತ್ತಕ್ಕೆ 75 ಗ್ರಾಂ ತೂಗಬೇಕು. ಕಮಲದ ಚಿತ್ರದ ಹಳದಿ 20 ಪೈಸೆಯಲ್ಲಿ ಚಿನ್ನ ಇದೆ ಅಂತ ಹಳ್ಳಿಗಳಲ್ಲಿ ಕೂಡಿಡುತ್ತಿದ್ದರು. ಗುಲಗಂಜಿಯಷ್ಟೂ ಇಲ್ಲ, ಹಿತ್ತಾಳೆ ಜಾತಿಯ ಲೋಹ.

ಅಮೆರಿಕದ ಸುರುಳಿ 157 ಗ್ರಾಂ ಅಂದಿರಿ. ಇಲ್ಲಿ ತಕ್ಕಡಿ ಮತ್ತೆ ಮಾತಾಡುತ್ತದೆ. ಅವರ ಸೆಂಟ್ 1982ರವರೆಗೆ 3.11 ಗ್ರಾಂ, ಬಹುಪಾಲು ತಾಮ್ರ. ಆ ವರ್ಷ ಬದಲಾಯಿಸಿ ಸತುವಿಗೆ ತಾಮ್ರದ ಲೇಪ ಹಾಕಿದರು, 2.5 ಗ್ರಾಂ. ಐವತ್ತು ಹಳೆಯವು ಸುಮಾರು 155, ಹೊಸವು 125. ನಿಮ್ಮದು ತಾಮ್ರದ್ದು. ಇದರ ತುದಿ ಹೇಗಿದೆ ನೋಡಿ. ಯಂತ್ರ ಮಡಿಚಿದ್ದಾದರೆ ಅಂಚು ಒಳಕ್ಕೆ ಗುಂಡಗೆ ಸುರುಟಿಕೊಂಡಿರುತ್ತದೆ, ಕೈಯಲ್ಲಿ ಮಡಿಚಿದ್ದಾದರೆ ನಮ್ಮ ಪುಡಿಕೆಯ ಹಾಗೆ ತ್ರಿಕೋನ ತ್ರಿಕೋನ. ಯಂತ್ರದ್ದಾಗಿ, ಬ್ಯಾಂಕಿನ ಹೆಸರೂ ಇದ್ದರೆ ಇದೊಂದನ್ನು ಮಾತ್ರ ಮುಚ್ಚಿಯೇ ಇಡಿ. ಅಲ್ಲೂ ತುದಿಗೆ ಒಳ್ಳೆಯ ನಾಣ್ಯ ಇಟ್ಟು ಮತ್ತೆ ಮಡಿಚಿ ಮಾರುವವರಿದ್ದಾರೆ, ಜಾತಿ ಒಂದೇ. ತುಂಬಾ ಬೆಲೆಯನ್ನೂ ನಿರೀಕ್ಷಿಸಬೇಡಿ. 1950ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದ 5 ಸೆಂಟ್ ನಾಣ್ಯ ಬರೀ 26 ಲಕ್ಷ ಚಿಲ್ಲರೆ ಅಂತ ಗೊತ್ತಾಗಿ ಜನ ಸುರುಳಿಗಟ್ಟಲೆ ಕೂಡಿಟ್ಟರು. 1960ರ ದಶಕದ ಮೊದಲಿಗೆ ಬೆಲೆ ಆಕಾಶಕ್ಕೆ ಹೋಗಿ ಆಮೇಲೆ ಧೊಪ್ಪನೆ ಬಿತ್ತು. ಎಲ್ಲರೂ ಜೋಪಾನ ಮಾಡಿದ್ದರಿಂದ ಹೊಸದಾಗಿರುವವೇ ಬೇಕಾದಷ್ಟು ಉಳಿದಿದ್ದವು.

ಚಿಕ್ಕಪ್ಪನಿಗೆ ಪ್ರತಿಯಾಗಿ ಹಾಲಿ ರೂಪಾಯಿ ಕಳಿಸೋಣ ಅಂತ ಅನಿಸಿದರೆ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ದೇಶದ ಹೊರಗೆ ಕಳಿಸುವಂತಿಲ್ಲ. ಇನ್ನೊಂದು ಮಾತು. ಟ್ರಂಕಿನಲ್ಲಿದ್ದದ್ದು ನಿಮ್ಮ ಮನೆಯದು. ಆದರೆ ಹೊಸ ಮನೆಗೆ ಪಾಯ ತೋಡುವಾಗ ಮಣ್ಣಿನಲ್ಲಿ ಗಡಿಗೆ ಗಿಡಿಗೆ ಸಿಕ್ಕರೆ ಅದು ಬೇರೆ. ಬಹಮನಿಗಳು ಆಳಿದ ನೆಲ ನಮ್ಮದು, ತಾಮ್ರದ ಕಾಸು ಸಿಗುವುದು ಹೊಸದಲ್ಲ. ಬೆಲೆ ಬಾಳುವುದು ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುತ್ತದೆ ನಮ್ಮ ರಾಜ್ಯದ ನಿಧಿ ಕಾಯ್ದೆ.

ಮಾರುವುದಾದರೆ ಒಬ್ಬರಿಗೇ ತೋರಿಸಿ ಮುಗಿಸಬೇಡಿ, ಮೂರು ಕಡೆ ಕೇಳಿ. ಒಟ್ಟಿಗೆ ತೂಕದ ಮೇಲೆ ಕೊಡಿ ಅನ್ನುವವರು ಬರುತ್ತಾರೆ. ಅವರು ಒಳಗೆ ಮೀಮ್ ಕಂಡು ಸುಮ್ನೆ ಇರುತ್ತಾರೆ. ಪಟ್ಟಿ ನಿಮ್ಮ ಕೈಯಲ್ಲಿರಲಿ: ಇಸವಿ, ಗುರುತು, ಸ್ಥಿತಿ, ಗ್ರಾಂ.

ಉಳಿದದ್ದು ಅರಿಶಿನದ್ದು. ಅಡುಗೆಯ ಅರಿಶಿನ ಹೀಗೆ ಸುರುಳಿ ಪೂರ್ತಿ ಮೆತ್ತುವುದಿಲ್ಲ. ತಾತ ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಜಾತ್ರೆಗೆ ಅಂಗಡಿ ಹಾಕುತ್ತಿದ್ದರಾ, ಮನೆಯ ಹಿರಿಯರನ್ನು ಕೇಳಿ. ಅಲ್ಲಿ ಭಂಡಾರ ಎರಚುತ್ತಾರಲ್ಲ, ಗಲ್ಲಾಪೆಟ್ಟಿಗೆಯೂ ಹಳದಿಯಾಗುತ್ತದೆ. ಅಂಥ ಒಂದು ಸುರುಳಿ ನಾನು ಬಿಚ್ಚಿದ್ದೇನೆ. ಒಂದೊಂದು ನಾಣ್ಯದ ಅಕ್ಷರಗಳ ಸಂದಿಯಲ್ಲೂ ಹಳದಿ ಪುಡಿ ಕೂತಿತ್ತು, ಇಸವಿ ಓದಲು ಊದಬೇಕಾಯಿತು. ಅದನ್ನು ತೊಳೆದರೆ ಸಂಗ್ರಹಕಾರನಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಕಾಣಬಹುದು. ನಾನಾದರೆ ಅದನ್ನು ಕಾಗದದ ಸಮೇತ ಹಾಗೇ ಇಟ್ಟುಕೊಳ್ಳುತ್ತೇನೆ, ಮಾರುವ ಸಾಲಿನಿಂದ ಹೊರಗೆ.

ಚಾರ್ಮಿನಾರ್ ಸುರುಳಿ ಬಿಚ್ಚಿದ ಮೇಲೆ ಒಳಗೆ ಎಷ್ಟು ಹಾಲಿ, ಎಷ್ಟು ಕಲ್ದಾರ್ ಬಂದವು ಅಂತ ತಪ್ಪದೆ ಬರೆಯಿರಿ. ನನ್ನ ಹತ್ತು-ಹತ್ತರ ಲೆಕ್ಕ ತಪ್ಪಿದ್ದರೆ ಅದನ್ನೂ ಬರೆಯಿರಿ.